ತೋಟದಕ್ಕನ ಹಿತ್ತಲ ಮೆಟ್ಟಿಲು

ಆ ಬೀದಿಯಲ್ಲಿ ತೋಟದಕ್ಕನ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಹಾಗೆ ನೋಡಿದರೆ ಆಕೆಯ ಕಸುಬು ಹೊಲಿಗೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಎದುರಾಗಿ ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಲ್ಲಿ ಇನ್ನೂ ತೋಳು ಕೂಡಿಸದ ಯೂನಿಫಾರಂ ಅಂಗಿಗಳು, ನೆಲದ ತುಂಬ ಚೂರುಬಟ್ಟೆ. ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು ಬಹುಪಾಲು ಆ ಯಂತ್ರವೇ. ಆದರೂ ಯಾರೂ ಅವಳನ್ನು ಟೈಲರಕ್ಕ ಎನ್ನಲಿಲ್ಲ. ಅವಳಿಗೆ ಹೆಸರು ತಂದುಕೊಟ್ಟದ್ದು ಹಿತ್ತಲ ಬಾಗಿಲಿನಾಚೆಯ ತೋಟ. ಬದನೆ, ಟೊಮೆಟೊ, ಹಸಿಮೆಣಸು, ಸೊಪ್ಪಿನ ಮಡಿಗಳು, ಕಾಲಿಡಲು ಜಾಗವಿಲ್ಲದಂತೆ ಹಬ್ಬಿದ ಕುಂಬಳದ ಬಳ್ಳಿ. ಹೊಲಿಯಲು ಕೊಟ್ಟ ಬಟ್ಟೆ ವಾಪಸು ಒಯ್ಯುವವರ ಚೀಲದಲ್ಲಿ ನಾಲ್ಕು ಬದನೆಕಾಯಿಯೂ ಇರುತ್ತಿದ್ದವು. ಬಟ್ಟೆ ತಡವಾಯಿತೆಂದು ಜಗಳಕ್ಕೆ ಬಂದವರು ಬದನೆಕಾಯಿ ನೋಡಿ ನಕ್ಕು ಹೋಗುತ್ತಿದ್ದರು.

ಆದರೆ ತೋಟ ಅವಳದಲ್ಲ.

ಅದು ಯಾರೋ ಎಂದೋ ಕೊಂಡು ಬಿಟ್ಟುಹೋಗಿದ್ದ ಸೈಟು. ಗಂಡ ಹೆಂಡತಿ ಈ ಮನೆಗೆ ಬಂದ ಹೊಸದರಲ್ಲಿ ಅಲ್ಲಿ ಮುಳ್ಳುಗಿಡ ಆಳೆತ್ತರ ಬೆಳೆದಿತ್ತು. ಬೀದಿಯವರು ಕಸ ಎಸೆಯುತ್ತಿದ್ದರು, ಹಾವು ಬರುತ್ತಿತ್ತು. ಹಾವಿನ ಭಯಕ್ಕೆ ಮೊದಲು ಬಾಗಿಲ ಮುಂದಿನಷ್ಟನ್ನು ಸವರಿದಳು. ಸವರಿದ ನೆಲ ಸುಮ್ಮನೆ ಬಿದ್ದಿದೆಯಲ್ಲ ಎಂದು ಒಂದು ಸಾಲು ಮೆಣಸಿನ ಸಸಿ ನೆಟ್ಟಳು. ಬೆರಳು ಕೊಟ್ಟರೆ ಹಸ್ತ ನುಂಗಿದರು ಎನ್ನುತ್ತಾರೆ. ಇಲ್ಲಿ ಬೆರಳು ಕೊಟ್ಟವರೂ ಯಾರೂ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಒಂದೊಂದು ಮಡಿ ಮುಂದೆ ಹೋಗಿ ಇಡೀ ಸೈಟು ತೋಟವಾಯಿತು. ಕೇಳುವವರು ಬರಲಿಲ್ಲ. ಕೇಳುವವರು ಬಾರದ ಮೇಲೆ ಹೇಳುವ ಪ್ರಮೇಯವೂ ಬರಲಿಲ್ಲ.

ಸೈಟಿನ ನಾಲ್ಕು ಮೂಲೆಗೂ ಗಡಿಕಲ್ಲುಗಳಿದ್ದವು. ಪುರಸಭೆಯವರು ಚರಂಡಿ ಪೈಪಿಗೆ ಅಗೆದಾಗ ಇವರ ಮನೆಯ ಕಡೆಯ ಒಂದು ಕಲ್ಲು ಕಿತ್ತುಬಂದು ಮಣ್ಣಗುಡ್ಡೆಯ ಮೇಲೆ ಬಿದ್ದಿತು. ಉದ್ದನೆಯ ಕಲ್ಲು, ಒಂದು ಮುಖದಲ್ಲಿ ಕೆತ್ತಿದ ನಂಬರು. ಪೈಪು ಹೂತವರು ಅದನ್ನು ಮತ್ತೆ ನೆಡದೆ ಹೋದರು. ಆ ಮಳೆಗಾಲ ಅವಳ ಅತ್ತೆ ಹಿತ್ತಲ ಬಾಗಿಲ ಕೆಸರಿನಲ್ಲಿ ಜಾರಿ ಬಿದ್ದರು. ಮರುದಿನ ಗಂಡ ಹೆಂಡತಿ ಸೇರಿ ಕಲ್ಲನ್ನು ಉರುಳಿಸಿಕೊಂಡು ಬಂದು, ನಂಬರಿನ ಒರಟು ಮುಖವನ್ನು ಕೆಳಗೆ ಮಾಡಿ, ಬಾಗಿಲಿಗೆ ಮೆಟ್ಟಿಲಾಗಿ ಕೂರಿಸಿದರು.

"ಇದು ಗುರುತಿನ ಕಲ್ಲು ಕಣೇ," ಎಂದಿದ್ದ ಗಂಡ.

"ಗುರುತು ಇಟ್ಟವರು ಬಂದಾಗ ಕೊಟ್ಟರಾಯ್ತು ಬಿಡಿ," ಎಂದಿದ್ದಳು ಅವಳು.

ಅತ್ತೆ ತೀರಿಕೊಂಡರು, ಮಗಳು ದೊಡ್ಡವಳಾದಳು, ಕಲ್ಲು ಕಾಲು ತಾಗಿ ತಾಗಿ ನುಣುಪಾಯಿತು. ಕಲ್ಲು ನಿಂತಿದ್ದ ಗುಳಿಯನ್ನು ಮುಚ್ಚಿ ಅದರ ಮೇಲೆ ಬಟ್ಟೆ ಒಗೆಯಲು ಒಂದು ಸಿಮೆಂಟು ಕಟ್ಟೆ ಎದ್ದಿತು. ಬಚ್ಚಲ ನೀರು ಯಾರಿಗೂ ಕಾಣದಿರಲೆಂದು ಕಟ್ಟೆಯ ಆಚೆ, ಸೈಟಿನ ಉದ್ದಕ್ಕೂ ದಾಸವಾಳದ ಸಾಲು ಬಂತು. ಒಂದು ಕಲ್ಲು ಎದ್ದುಹೋದದ್ದಕ್ಕೆ ಗೆರೆ ತಾನಾಗಿ ನಡೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿ ನಿಂತಿತ್ತು.

ಇಷ್ಟಾಗಿದ್ದರೆ ಬೀದಿಯ ಎಷ್ಟೋ ಮನೆಗಳಲ್ಲಿ ಆದಂತೆ ಆಯಿತೆಂದು ಬಿಡಬಹುದಿತ್ತು. ಆದರೆ ಮಗಳ ಮದುವೆಯ ಮಾತಿಗೆಂದು ಹುಡುಗನ ತಾಯಿ ಬಂದ ದಿನ ಇನ್ನೊಂದು ಸಂಗತಿ ಸೇರಿಕೊಂಡಿತು. ಕೈ ತೊಳೆಯಲು ಹಿತ್ತಲಿಗೆ ಬಂದ ಆಕೆ ಅದೇ ಮೆಟ್ಟಿಲ ಮೇಲೆ ನಿಂತು, ತೋಟದ ಮೇಲೆಲ್ಲ ಕಣ್ಣಾಡಿಸಿ, "ಇದಿಷ್ಟೂ ನಿಮ್ಮದೇನಾ?" ಎಂದರು. ತೋಟದಕ್ಕ ಟವೆಲು ಚಾಚುತ್ತ, "ಹೂಂ, ಎಲ್ಲಾ ನಮ್ಮ ಕೈಯಾರೆ ಮಾಡಿದ್ದು," ಎಂದಳು. ತಾನು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಸುಳ್ಳು ಹೇಳದವರಿಗೆ ಹಾಗೆ ಹೇಳಿಕೊಳ್ಳುವ ಕೆಲಸವಿರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮದುವೆಯಾಯಿತು. ಬೀಗಿತ್ತಿ ಬಂದಾಗಲೆಲ್ಲ ಒಂದು ಚೀಲ ತರಕಾರಿ ಒಯ್ದು, ಸೊಸೆಯ ತವರಿನ ತೋಟದ್ದು ಎಂದು ನೆಂಟರಿಗೆಲ್ಲ ಹಂಚುತ್ತಿದ್ದರು. ಮಕ್ಕಳು ಮುಂದೆ ಆ ಜಾಗದಲ್ಲೇ ಒಂದು ಗೂಡು ಕಟ್ಟಿಕೊಂಡರೆ ಬಾಡಿಗೆ ತಪ್ಪುತ್ತದೆ ಎಂಬ ಮಾತನ್ನೂ ಒಂದೆರಡು ಸಲ ಎತ್ತಿದ್ದರಂತೆ. ಹಾಗೆಂದು ಮಗಳೇ ಫೋನಿನಲ್ಲಿ ಪಿಸುಗುಟ್ಟಿದಳು. "ಅಮ್ಮಾ, ಅದು ನಮ್ಮದಲ್ಲ ಅಂತ ನಾನೇ ಅತ್ತೆಗೆ ಹೇಳಿಬಿಡ್ಲಾ? ಅವರು ಆ ಮಾತು ಎತ್ತಿದಾಗೆಲ್ಲ ನನಗೆ ತಲೆ ಎತ್ತೋಕಾಗಲ್ಲ."

"ನೀನು ಸುಮ್ನಿರು. ಸಮಯ ನೋಡಿ ನಾನೇ ಹೇಳ್ತೀನಿ," ಎಂದಳು ತಾಯಿ.

ಆ ಸಮಯ ಬರಲಿಲ್ಲ. ಅದಕ್ಕೆ ಬದಲು ಸೈಟಿನವರು ಬಂದರು.

ಬಂದವರು ಒಬ್ಬರೇ. ನರೆತ ಕೂದಲು, ಸದ್ದಾಗದ ಚಪ್ಪಲಿ, ಮೆಲುದನಿ. ಆಸ್ಪತ್ರೆಯಲ್ಲಿ ನರ್ಸಾಗಿ ಊರೂರು ತಿರುಗಿ ಈಗ ಕೆಲಸ ಮುಗಿಸುವ ಹಂತದಲ್ಲಿದ್ದವರು. ನಡೆಯಲಾರದ ಅಕ್ಕ ಒಬ್ಬರು ಅವರ ಜೊತೆಗಿದ್ದರು. ಅಕ್ಕನಿಗೊಂದು ನೆಲೆ ಆಗಲೆಂದೇ ಈ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದರು. ಮುಂಬಾಗಿಲಲ್ಲಿ ನಿಂತು ಅವರು ಜಗಳ ತೆಗೆಯುತ್ತಾರೆಂದು ತೋಟದಕ್ಕ ಸೆರಗು ಬಿಗಿದುಕೊಂಡಿದ್ದಳು. ನರ್ಸಮ್ಮ ಕೈ ಮುಗಿದರು. ಸುತ್ತಲಿನ ಖಾಲಿ ಸೈಟುಗಳೆಲ್ಲ ಕಸದ ತಿಪ್ಪೆಯಾಗಿವೆ, ನಿಮ್ಮಿಂದಾಗಿ ನನ್ನದೊಂದು ಬಂಗಾರದಂತೆ ಉಳಿಯಿತು ಎಂದರು. ಹೊಲಿಗೆಯವರೆಂದು ಯಾರೋ ಹೇಳಿದ್ದರಂತೆ, ಅದಕ್ಕೆ ಒಂದು ಹೊಸ ಕತ್ತರಿ ತಂದಿದ್ದರು. ಡಬ್ಬಿ ತೆರೆದರೆ ಮುಖ ಕಾಣುವಷ್ಟು ಹೊಳಪು. ತೋಟದಕ್ಕ ಅದರಲ್ಲಿ ಮುಖ ನೋಡಿಕೊಳ್ಳದೆ ಮುಚ್ಚಿಟ್ಟಳು.

ಸೋಮವಾರ ಜೆಸಿಬಿ ಬರುತ್ತದೆ, ಅಷ್ಟರೊಳಗೆ ಬೆಳೆದದ್ದನ್ನೆಲ್ಲ ಕೊಯ್ದುಕೊಳ್ಳಿ ಎಂದು ನರ್ಸಮ್ಮ ತಾವೇ ಸಂಕೋಚಪಟ್ಟು ಹೇಳಿ ಹೋದರು. ತೋಟದಕ್ಕ ಭಾನುವಾರವಿಡೀ ಕೊಯ್ದಳು. ಎಳೆಯ ಕಾಯಿಗಳನ್ನೂ ಬಿಡಲಿಲ್ಲ. ಬೀಗಿತ್ತಿಗೆ ಫೋನು ಮಾಡಬೇಕೆಂದು ಮೂರು ನಾಲ್ಕು ಸಲ ಕೈಗೆತ್ತಿಕೊಂಡು ಕೆಳಗಿಟ್ಟಳು.

ಸೋಮವಾರ ಬೆಳಿಗ್ಗೆ ಜೆಸಿಬಿ ಬೀದಿಗೆ ತಿರುಗಿದಾಗಲೇ ಮನೆಯ ಪಾತ್ರೆಗಳು ಸಣ್ಣಗೆ ನಡುಗಿದವು. ಮೊದಲು ಮೇಲ್ಮಣ್ಣು ಕೆರೆದು ನೆಲ ಚೊಕ್ಕ ಮಾಡುವ ಕೆಲಸ. ಬದನೆ ಗಿಡಗಳು ಬೇರು ಸಮೇತ ಮಗುಚಿಕೊಂಡವು. ಅವಳು ವರ್ಷಗಟ್ಟಲೆ ಗೊಬ್ಬರ ಹಾಕಿ ಕಪ್ಪಾಗಿಸಿದ್ದ ಮಣ್ಣು ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿತು. ದಾಸವಾಳದ ಸಾಲಿನ ಹತ್ತಿರ ಬಂದು ಡ್ರೈವರು ಯಂತ್ರ ನಿಲ್ಲಿಸಿದ. ಗೆರೆ ಹಾಕದೆ ಅದರಾಚೆ ಕೈ ಹಾಕುವುದಿಲ್ಲ ಎಂದ.

ಗೆರೆ ಹಾಕುವವನು ಮೇಸ್ತ್ರಿ. ದಾರದ ಉಂಡೆ, ಗೂಟಗಳು, ಟೇಪು, ಒಂದು ತಗಡಿನ ಡಬ್ಬದಲ್ಲಿ ಸುಣ್ಣದ ಪುಡಿ ಇಟ್ಟುಕೊಂಡು ಅವನು ಕಲ್ಲು ಹುಡುಕಲು ಹೊರಟ. ಮೂರು ಮೂಲೆಯ ಕಲ್ಲುಗಳು ಸಿಕ್ಕವು. ನಾಲ್ಕನೆಯದು ಸಿಗಲಿಲ್ಲ. ಹಾರೆ ಊರಿ ಊರಿ ನೋಡಿದ. ಅಷ್ಟರಲ್ಲಿ ತೋಟದಕ್ಕನ ಗಂಡನಿಗೆ ಇದ್ದಕ್ಕಿದ್ದಂತೆ ಅಂಗಡಿ ನೆನಪಾಯಿತು. ಪಂಪು ರಿಪೇರಿ ಅವನ ಕೆಲಸ. ಒಂದು ಮೋಟಾರು ತುಂಬ ಅರ್ಜೆಂಟಿದೆ ಎಂದು ಗೋಡೆಗೆ ಹೇಳಿ, ಚಪ್ಪಲಿಗೆ ಕಾಲು ಸರಿಯಾಗಿ ತೂರಿಸದೆ ಹೊರಟ. ಹೆಂಡತಿ ನೋಡಿದ ನೋಟಕ್ಕೆ ಬೆನ್ನು ಕೊಟ್ಟೇ ಹೋದ.

ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದ. ಅವಳು ಟೀ ಕೊಟ್ಟಳು. ಅವನು ಮೆಟ್ಟಿಲ ಮೇಲೆಯೇ ಆರಾಮಾಗಿ ಕುಳಿತ. "ತಣ್ಣಗಿದೆ ಅಕ್ಕಾ ಈ ಕಲ್ಲು," ಎಂದ. "ಆ ಕಲ್ಲೊಂದು ಸಿಕ್ಕಿಬಿಟ್ಟಿದ್ರೆ ಇಷ್ಟು ಹೊತ್ತಿಗೆ ಅರ್ಧ ಪಾಯ ಆಗೋದು. ಯಾವ ಪುಣ್ಯಾತ್ಮ ಕಿತ್ತುಕೊಂಡು ಹೋದನೋ."

ಅವಳು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹೊರಗಿನ ಮಾತು ಕೇಳಿಸುತ್ತಿತ್ತು.

ಆ ಸಾಲಿನ ಸೈಟುಗಳೆಲ್ಲ ಸೊಟ್ಟಗಿವೆ, ಮುಂದೆ ಕಿರಿದು ಹಿಂದೆ ಅಗಲ, ಟೇಪು ಹಿಡಿದು ಮೂಲೆ ಹೇಳಲು ಆಗುವುದಿಲ್ಲ ಎಂದು ಮೇಸ್ತ್ರಿ ನರ್ಸಮ್ಮನಿಗೆ ತಿಳಿಸುತ್ತಿದ್ದ. ಸರ್ವೆಯವರನ್ನು ಕರೆಸಿದರೆ ವಾರಗಟ್ಟಲೆ ಕಾಯಬೇಕು. ಜೆಸಿಬಿ ಇವತ್ತು ಬಿಟ್ಟರೆ ಮತ್ತೆ ಯಾವಾಗಲೋ. ನರ್ಸಮ್ಮ ತುಸು ಹೊತ್ತು ಯೋಚಿಸಿ, "ಆ ಹೂವಿನ ಗಿಡದ ಸಾಲಿದೆಯಲ್ಲ, ಅದನ್ನೇ ಗೆರೆ ಅಂತ ಇಟ್ಕೊಳ್ಳಿ. ಇಷ್ಟು ವರ್ಷ ಜಾಗ ಕಾಯ್ದವರು ಅವರು. ಅವರಿಗೆ ಗೊತ್ತಿಲ್ಲದೇ ಗಿಡ ನೆಟ್ಟಿರ್ತಾರಾ?" ಎಂದರು.

ಮೇಸ್ತ್ರಿ ದಾರ ಹಿಡಿದು ನೋಡಿ ತಲೆ ಕೆರೆದುಕೊಂಡ. ಹಾಗೆ ಮಾಡಿದರೆ ಮನೆಯ ಪಕ್ಕಕ್ಕೆ ಬಿಡುವ ಓಣಿ ಸಣ್ಣದಾಗುತ್ತದೆ, ಗಾಲಿಕುರ್ಚಿ ಹತ್ತಲೆಂದು ಯೋಜಿಸಿದ್ದ ಇಳಿಜಾರು ದಾರಿ ಅಲ್ಲಿ ಕೂರುವುದಿಲ್ಲ ಎಂದ.

"ಹೋಗಲಿ ಬಿಡಿ. ಮುಂದಿನ ಮೆಟ್ಟಿಲಲ್ಲೇ ಅಕ್ಕನ್ನ ಎತ್ತಿ ಇಳಿಸಿದರಾಯ್ತು," ಎಂದರು ನರ್ಸಮ್ಮ. "ನನ್ನ ಬೆನ್ನು ಇನ್ನೂ ಗಟ್ಟಿ ಇದೆ."

ತೋಟದಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. ಹೇಳಬೇಕು, ಈಗಲೇ ಹೇಳಬೇಕು ಅನ್ನಿಸಿತು. ಏನೆಂದು ಹೇಳುವುದು? ನೀವು ಕೂತು ಟೀ ಕುಡಿದ ಕಲ್ಲೇ ಅದು ಎಂದೇ? ಮೇಸ್ತ್ರಿ ಹುಡುಕತೊಡಗಿದಾಗಲೇ ಹೇಳಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ಟೀ ಕೊಟ್ಟ ಮೇಲೆ ಅದು ಕಷ್ಟವಾಯಿತು. ಈಗ ಇನ್ನೂ ಕಷ್ಟ. ಮೇಸ್ತ್ರಿ ದಾಸವಾಳದ ಬುಡಕ್ಕೆ ಗೂಟ ಹೊಡೆಯುವ ಸದ್ದು ಕೇಳಿಸಿತು. ಮೂರ್ನಾಲ್ಕು ಏಟಿಗೆ ಗೂಟ ಇಳಿಯಿತು.

ಅವಳು ಹಿತ್ತಲಿಗೆ ಬರುವುದಕ್ಕೂ, ಸೈಟಿನ ಆ ಕಡೆಯ ರಸ್ತೆಯಿಂದ ಕೈಯಲ್ಲೊಂದು ಖಾಲಿ ಚೀಲ ಹಿಡಿದು ಬೀಗಿತ್ತಿ ಬರುವುದಕ್ಕೂ ಸರಿಹೋಯಿತು. ಆಕೆ ಯಾರನ್ನೋ ನೋಡಲು ಈ ಕಡೆ ಬಂದಿದ್ದರಂತೆ. ಹೋಗುವಾಗ ನಾಲ್ಕು ಬದನೆಕಾಯಿ ಒಯ್ಯೋಣವೆಂದು ತಿರುಗಿದವರು ಬೋಳಾದ ನೆಲ, ಜೆಸಿಬಿ, ಸುಣ್ಣದ ಡಬ್ಬ ಎಲ್ಲ ನೋಡಿ ಮುಖ ಅರಳಿಸಿಕೊಂಡು ನಿಂತರು.

"ಅಲ್ಲಾ ಬೀಗ್ರೇ, ಪಾಯ ಅಗೆಸ್ತಾ ಇದ್ದೀರಿ, ನಮಗೊಂದು ಮಾತು ಹೇಳಬಾರದಾ?" ಎಂದು ಮಣ್ಣಗುಡ್ಡೆ ಬಳಸಿಕೊಂಡು ಹತ್ತಿರ ಬಂದರು. "ಮಕ್ಕಳಿಗೆ ಆಶ್ಚರ್ಯ ಆಗಲಿ ಅಂತ ಗುಟ್ಟಾಗಿ ಇಟ್ಟಿದ್ದೀರಿ. ಅವಳೂ ನಿಮ್ಮ ಮಗಳೇ ಸರಿ, ಬಾಯೇ ಬಿಟ್ಟಿಲ್ಲ ನೋಡಿ." ಆಮೇಲೆ ನಕ್ಷೆ ಹಿಡಿದು ನಿಂತಿದ್ದ ನರ್ಸಮ್ಮನ ಕಡೆ ತಿರುಗಿದರು. "ನೀವು ಇಂಜಿನಿಯರಾ? ಅಡುಗೆಮನೆ ಒಂಚೂರು ದೊಡ್ಡದಾಗಿಯೇ ಹಾಕಿ. ನಮ್ಮ ಸೊಸೆಗೆ ಪಾತ್ರೆಯೆಲ್ಲಾ ಹರಡಿಕೊಂಡೇ ಅಡುಗೆ ಮಾಡಬೇಕು."

ಮೇಸ್ತ್ರಿ ಸುತ್ತಿಗೆ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ಡ್ರೈವರು ಯಂತ್ರದ ಮೇಲಿಂದ ಬಗ್ಗಿ ನೋಡಿದ. ನರ್ಸಮ್ಮ ಮಾತ್ರ ಬೀಗಿತ್ತಿಯ ಮುಖ ನೋಡಲಿಲ್ಲ, ತೋಟದಕ್ಕನ ಮುಖ ನೋಡಿದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಎಷ್ಟೋ ಮುಖಗಳನ್ನು ಓದಿದ ಕಣ್ಣು. ಅವರಿಗೆ ಅರ್ಥವಾಯಿತು. ನಕ್ಷೆಯನ್ನು ಮಡಚುತ್ತ ಅವರು, "ಆಗಲಿ ಅಮ್ಮಾ, ನೋಡೋಣ," ಎಂದರು. ಅಷ್ಟೇ.

ಬೀಗಿತ್ತಿಗೆ ಸಮಾಧಾನವಾಯಿತು. ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ತನ್ನ ಸೈಟಿನ ಮೇಲೆ ನಿಂತು, ತನ್ನ ಅಕ್ಕನ ದಾರಿಯನ್ನು ಬಿಟ್ಟುಕೊಟ್ಟು, ಈಗ ತನ್ನ ಮನೆಯನ್ನೂ ಒಂದು ಗಳಿಗೆ ಇನ್ನೊಬ್ಬರದೆಂದು ಒಪ್ಪಿಕೊಂಡು ನರ್ಸಮ್ಮ ತೋಟದಕ್ಕನ ಮಾನ ಮುಚ್ಚಿದ್ದರು. ಬೈದಿದ್ದರೆ ತೋಟದಕ್ಕ ತಿರುಗಿ ಬೈಯುತ್ತಿದ್ದಳು, ಆ ಬಾಯಿ ಅವಳಿಗಿತ್ತು. ಇದಕ್ಕೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬರಿಗಾಲಲ್ಲಿ ನಿಂತಿದ್ದವಳಿಗೆ ಮೆಟ್ಟಿಲಿನ ತಂಪು ಅಂಗಾಲಿನಿಂದ ಮೇಲೆ ಹತ್ತಿ ಕಿವಿಗೆ ಬರುವಾಗ ಬೆಂಕಿಯಾಯಿತು.

"ಅವರು ಇಂಜಿನಿಯರಲ್ಲ," ಎಂದಳು. ದನಿ ತನ್ನದಲ್ಲವೆನ್ನಿಸಿತು. "ಜಾಗ ಅವರದು. ಮನೆಯೂ ಅವರದೇ. ತೋಟ ಯಾವತ್ತೂ ನಮ್ಮದಾಗಿರಲಿಲ್ಲ ಬೀಗ್ರೇ."

ಬೀಗಿತ್ತಿ ನಗುತ್ತಲೇ ಇದ್ದರು. ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅವತ್ತು ನಿಮ್ಮದು ಅಂದ್ರಿ," ಎಂದರು.

"ಕೈಯಾರೆ ಮಾಡಿದ್ದು ಅಂದೆ."

"ಓ," ಎಂದರು ಬೀಗಿತ್ತಿ. "ಹಾಗಾ."

ಆ ಎರಡು ಮಾತಿಗೆ ತೋಟದಕ್ಕನ ತಲೆ ಬಾಗಿತು. ಬಾಗಿದ ತಲೆಗೆ ಕಂಡದ್ದು ಕಾಲಡಿಯ ಕಲ್ಲು. ಕೆಳಗಿಳಿದು ಮೇಸ್ತ್ರಿಯಿಂದ ಹಾರೆ ಕೇಳಿದಳು. ಅವನು ಏನೂ ತಿಳಿಯದೆ ಕೊಟ್ಟ. ಹಾರೆಯ ಮೊನೆಯನ್ನು ಮೆಟ್ಟಿಲ ಕೆಳಗೆ ತೂರಿಸಿ ಮೈಭಾರ ಹಾಕಿ ಮೀಟಿದಳು. ಮೊದಲ ಸಲ ಅಲುಗಲಿಲ್ಲ. ಮೇಸ್ತ್ರಿ ಹತ್ತಿರ ಬಂದಾಗ, ಬೇಡ ಎಂದು ತಲೆಯಾಡಿಸಿದಳು. ಎರಡನೆಯ ಸಲ ಕಲ್ಲು ಎದ್ದು ಮಗ್ಗುಲಾಯಿತು. ಅಡಿಯಲ್ಲಿ ಒದ್ದೆ ಮಣ್ಣು, ಬಿಳಿ ಬೇರುಗಳು, ಬೆಳಕು ಕಂಡು ಓಡುವ ಇರುವೆಗಳು. ಅವಳು ಸೆರಗಿನಿಂದಲೇ ಮಣ್ಣು ಒರೆಸಿದಳು. ನಂಬರು ನಿನ್ನೆ ಕೆತ್ತಿದಂತೆ ಚೂಪಾಗಿತ್ತು.

ಮೇಸ್ತ್ರಿ ಬಗ್ಗಿ ನೋಡಿ ನೆಟ್ಟಗಾದ. "ಬೆಳಗಿಂದ ಊರೆಲ್ಲಾ ಹುಡುಕಿ, ಅದರ ಮೇಲೇ ಕೂತು ಟೀ ಕುಡಿದೆನಲ್ಲ ನಾನು," ಎಂದ. ಡ್ರೈವರು ನಕ್ಕ. ಯಾರೂ ಜೊತೆಗೂಡದ್ದು ನೋಡಿ ಕೆಮ್ಮಿದ.

ಕಲ್ಲು ಸಿಕ್ಕಿತು ನಿಜ, ಆದರೆ ಕಿತ್ತ ಕಲ್ಲಿನಿಂದ ಮೂಲೆ ಗೊತ್ತಾಗುವುದಿಲ್ಲ. ಅದು ನಿಂತಿದ್ದ ಜಾಗ ಬೇಕು. ಮೇಸ್ತ್ರಿ ಅದನ್ನು ಬಾಯಿಬಿಟ್ಟು ಕೇಳುವ ಮೊದಲೇ ಅವಳು ನಡೆದುಹೋಗಿ ಬಟ್ಟೆ ಒಗೆಯುವ ಕಟ್ಟೆಯ ಒಂದು ತುದಿಯ ಮೇಲೆ ಹತ್ತಿ ನಿಂತಳು. "ಇದರ ಕೆಳಗೆ," ಎಂದಳು. ನರ್ಸಮ್ಮ ಕಟ್ಟೆ ಒಡೆಯುವುದು ಬೇಡ, ಅಂದಾಜಿಗೆ ಗುರುತು ಮಾಡಿಕೊಳ್ಳೋಣ ಎಂದರು. ಅವಳು ಒಪ್ಪಲಿಲ್ಲ. ಕಟ್ಟೆಯಿಂದ ಇಳಿದು, ಹಗ್ಗದ ಮೇಲಿದ್ದ ಒಗೆದ ಬಟ್ಟೆಗಳನ್ನು ಎತ್ತಿಕೊಂಡು, ಡ್ರೈವರಿಗೆ ಕೈಸನ್ನೆ ಮಾಡಿದಳು. ಜೆಸಿಬಿಯ ಬಕೆಟ್ಟು ಒಮ್ಮೆ ಒತ್ತಿದ್ದಕ್ಕೆ ಕಟ್ಟೆ ಒಣರೊಟ್ಟಿಯಂತೆ ಮುರಿಯಿತು. ಅಡಿಯ ಮಣ್ಣನ್ನು ಮೇಸ್ತ್ರಿ ಮೆಲ್ಲಗೆ ಕೆದಕಿದ. ಕಲ್ಲು ನೆಡುವಾಗ ಸುತ್ತ ಜಡಿದಿದ್ದ ಜಲ್ಲಿ ಉಂಗುರದಂತೆ ಹಾಗೆಯೇ ಉಳಿದಿತ್ತು.

ಕಲ್ಲನ್ನು ಮತ್ತೆ ಆ ಗುಳಿಗೆ ಇಳಿಸಿದರು. ದಾರ ಎಳೆದರು. ದಾರ ಅವಳ ಮನೆಯ ಗೋಡೆಗೆ ಎಷ್ಟು ಹತ್ತಿರ ಹಾದುಹೋಯಿತೆಂದರೆ, ಬಾಗಿಲಲ್ಲಿ ನಿಂತು ಕೈ ಚಾಚಿದರೆ ಸಿಗುವಂತಿತ್ತು. ಇಷ್ಟು ಸ್ವಲ್ಪವೇ ತಮ್ಮದು ಎಂಬುದನ್ನು ಅವಳೂ ಮರೆತುಬಿಟ್ಟಿದ್ದಳು. ಮೇಸ್ತ್ರಿ ಡಬ್ಬ ತಟ್ಟುತ್ತ ಸುಣ್ಣ ಉದುರಿಸಿಕೊಂಡು ಹೋದ. ಬಿಳಿ ಗೆರೆ ದಾಸವಾಳವನ್ನೆಲ್ಲ ಆಚೆಗೆ ಬಿಟ್ಟು ನೇರ ಸಾಗಿತು.

ಬೀಗಿತ್ತಿ ಅದನ್ನೆಲ್ಲ ನಿಂತು ನೋಡಿದರು. ಹೊರಡುವಾಗ ತೋಟದಕ್ಕ ಒಳಗಿನಿಂದ ಬದನೆಕಾಯಿ ತಂದು ಚೀಲಕ್ಕೆ ಹಾಕಲು ಹೋದಳು. ಬೀಗಿತ್ತಿ ಚೀಲವನ್ನು ಮಡಚಿ, ಮತ್ತೊಮ್ಮೆ ಮಡಚಿ, ಕಂಕುಳಲ್ಲಿ ಇಟ್ಟುಕೊಂಡರು. "ಇರಲಿ, ಅವರಿಗೇ ಕೊಡಿ. ಅವರ ಮಣ್ಣಿನದು," ಎಂದು ನರ್ಸಮ್ಮನ ಕಡೆ ಕಣ್ಣು ತೋರಿಸಿ ಹೋದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಸಂಜೆ ಗಂಡ ಬಂದ. ಹಿತ್ತಲ ಬಾಗಿಲಲ್ಲಿ ಎಂದಿನಂತೆ ಕಾಲಿಟ್ಟವನು ತೂರಾಡಿ ಗೋಡೆ ಹಿಡಿದುಕೊಂಡ. ಕಲ್ಲಿದ್ದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಗುರುತು ಇಟ್ಟವರು ಬಂದ್ರು, ಕೊಟ್ಟೆ," ಎಂದಳು ಅವಳು. "ಮೋಟಾರು ಸರಿಹೋಯ್ತಾ?" ಅವನು ಹೋಗಿ ಮುರಿದ ಕಟ್ಟೆಯ ಚೂರುಗಳನ್ನು ಒಂದೊಂದಾಗಿ ಎತ್ತಿ, ಗೆರೆಯ ಈಚೆ ಒಟ್ಟತೊಡಗಿದ.

ಮಗಳ ಫೋನು ಎರಡು ದಿನ ಬಿಟ್ಟು ಬಂತು. ಅತ್ತೆ ಏನಾದರೂ ಅಂದರಾ ಎಂದು ತಾಯಿ ಕೇಳಿದಳು.

"ಏನೂ ಅನ್ನಲಿಲ್ಲ ಅಮ್ಮಾ. ಮಾರ್ಕೆಟ್ಟಿಂದ ಬದನೆಕಾಯಿ ತಂದು, ಹೆಚ್ಚು ಅಂತ ನನ್ನ ಮುಂದೆ ಇಟ್ರು." ಮಗಳು ಮುಂದುವರಿಸಿದಳು. "ಹೆಚ್ಚಿದೆ. ಅತ್ತೆ ಪಕ್ಕದಲ್ಲೇ ಕೂತಿದ್ರು. ನಿನಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದ್ರು. ಹೂಂ ಅಂದೆ."

ತಾಯಿ ಫೋನನ್ನು ಕಿವಿಗೆ ಒತ್ತಿಕೊಂಡಳು. ತನ್ನ ಬಾಯಿಂದ ಬರಬೇಕಾದ ಹೂಂ ಅನ್ನು ಮಗಳು ಅಲ್ಲಿ ಒಬ್ಬಳೇ ಕೂತು ಹೇಳಿದ್ದಳು.

ಪಾಯ ಎದ್ದು ಗೋಡೆಯಾಯಿತು. ಪಕ್ಕದ ಓಣಿಯಲ್ಲಿ ಇಳಿಜಾರು ದಾರಿಗೆ ಕಾಂಕ್ರೀಟು ಹಾಕಿದ ದಿನ ಬಾಣಲೆಯಲ್ಲಿ ಒಂದಿಷ್ಟು ಉಳಿಯಿತು. ಮೇಸ್ತ್ರಿ ಅದನ್ನು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದ. ತೋಟದಕ್ಕ ಈಗಲೂ ಹೊರಗೆ ಕಾಲಿಡುವಾಗೆಲ್ಲ ಇಲ್ಲದ ಕಲ್ಲನ್ನು ಹುಡುಕಿ ಮುಗ್ಗರಿಸುತ್ತಿದ್ದಳು. ಅದನ್ನು ಯಾರೋ ಕಂಡಿರಬೇಕು. "ತೋಟದಕ್ಕಾ, ಇಲ್ಲೊಂದು ಮೆಟ್ಟಿಲು ಹಾಕಿಬಿಡು ಅಂತ ನರ್ಸಮ್ಮ ಹೇಳಿದ್ರು," ಎಂದ. ತೋಟ ಹೋಗಿ ತಿಂಗಳುಗಳಾಗಿದ್ದರೂ ಬೀದಿಯಲ್ಲಿ ಆ ಹೆಸರು ಹಾಗೇ ಉಳಿದಿತ್ತು. ಕರೆದವರು ಬೇಕೆಂದೇ ಕರೆಯುತ್ತಾರೋ ರೂಢಿಗೆ ಕರೆಯುತ್ತಾರೋ ಎಂದು ಅವಳು ಪ್ರತಿ ಸಲವೂ ಅವರ ಮುಖ ನೋಡುತ್ತಿದ್ದಳು. ಮೇಸ್ತ್ರಿಯ ಮುಖದಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ.

ತೋಟದಕ್ಕ ಒಳಗೆ ಹೋಗಿ ತನ್ನ ಹೊಲಿಗೆಯ ಟೇಪು ತಂದು ಅವನ ಮುಂದೆ ಹಿಡಿದಳು.

"ಗೋಡೆಯಿಂದ ಅಳೆದುಕೊಂಡು ಹಾಕಿ," ಎಂದಳು. "ನಮ್ಮ ಗೆರೆ ದಾಟಬಾರದು."